ನಡುಗೆರೆಯಲ್ಲಿ ನಿಂತ ಬಾತುಗಳು

ರಾಯಲ್ಪಾಡಿನ ಕಡೆ ಕೆರೆಯ ವಿಚಾರದಲ್ಲಿ, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಮಾತೆಂದರೆ ಕೆರೆಯ ತಾಯಿ ಗಂಗಮ್ಮನ ಮಾತೇ. ಸಂಕ್ರಾಂತಿ ಕಳೆದ ಮೇಲೆ ಅವನು ದೋಣಿಯಲ್ಲಿ ಹೋಗಿ, ತೂಬಿನ ಕಲ್ಲುಕಂಬದಲ್ಲಿ ನೀರು ಯಾವ ಗೀಟಿಗಿದೆ ಎಂದು ನೋಡಿ ಬರಬೇಕು. ಹೂಂ ಅಂದರೆ ಬಯಲೆಲ್ಲ ಎರಡನೇ ಭತ್ತ. ಇಲ್ಲವೆಂದರೆ ಅರ್ಧ ಬಯಲು ಬೀಳು. ಯುದ್ಧದಿಂದ ಅಕ್ಕಿಗೆ ಬರ ಬಂದಿದ್ದ ಆ ವರ್ಷ ನೀರುಗಂಟಿಯಾಗಿದ್ದ ಅಪ್ಪ ತೀರಿಕೊಂಡು, ಆ ಮಾತು ಹೇಳುವ ಭಾರ ಆವಲಪ್ಪನ ಮೇಲೆ ಬಿತ್ತು. ತಪ್ಪು ಹೇಳಿದರೆ ತೆನೆ ಹಾಲುಗಟ್ಟುವ ಹೊತ್ತಿಗೆ ನೀರು ತೀರಿ ಊರಿನ ಬೆಳೆಯೆಲ್ಲ ಒಣಗಿಹೋಗುತ್ತದೆ.

ಕಂಬಕ್ಕೆ ಅರಿಸಿನ ಕುಂಕುಮವಿಡಲು ಅಕ್ಕ ದೊಡ್ಡಗಂಗಮ್ಮ ಜೊತೆಗೆ ಬಂದಳು. ತಾಳೆಮರದ ಬೊಡ್ಡೆ ಕೊರೆದು ಮಾಡಿದ ದೋಣಿ ಬೆಳಗಿನ ಮಂಜಿನಲ್ಲಿ ಏರಿಯ ಮಗ್ಗುಲಿಗೇ ಸಾಗಿತು. ಅದು ವಾಲಿದಾಗೆಲ್ಲ ಅವಳು, ಪೂಜೆಗೆ ಕರೆದು ನನ್ನನ್ನೇ ಗಂಗಮ್ಮನಿಗೆ ಒಪ್ಪಿಸುತ್ತೀಯೇನೋ ಎಂದು ತಮ್ಮನನ್ನು ಛೇಡಿಸಿದಳು. ಕಂಬದಲ್ಲಿ ನೀರು ಮೇಲಿನ ಗೀಟನ್ನು ಮುಟ್ಟಿತ್ತು. ಆವಲಪ್ಪನ ಎದೆ ಹಗುರಾಯಿತು.

ಅಷ್ಟರಲ್ಲಿ ಮಂಜು ಸರಿಯಿತು.

ನಡುಗೆರೆಯ ತುಂಬ ಬಾತುಗಳು. ಹಿಮದ ಬೆಟ್ಟಗಳನ್ನು ದಾಟಿ ಚಳಿಗಾಲಕ್ಕೆ ಬರುವ ದೊಡ್ಡ ಬೂದು ಬಾತುಗಳು. ಬಿಳಿಯ ತಲೆಯ ಹಿಂದೆ ಎರಡು ಕಪ್ಪು ಗೆರೆ, ಯಾರೋ ಮಡಿಯಲ್ಲಿ ಕೂತು ಎಳೆದಂತೆ. ಕಣ್ಣು ಹಾಯ್ದಷ್ಟೂ ಅವೇ, ಆದರೂ ಒಂದು ಸದ್ದಿಲ್ಲ. ಅಕ್ಕ ತಾನಾಗಿಯೇ ಕೈಮುಗಿದಳು. ಆವಲಪ್ಪನೂ ಮೈಮರೆತು ನೋಡಿದ. ನೋಡುತ್ತ ನೋಡುತ್ತ ಅವನ ಕೈಯ ಹುಟ್ಟು ನಿಂತುಹೋಯಿತು.

"ಅಕ್ಕ, ಅವು ತೇಲ್ತಾ ಇಲ್ಲ ಕಣೇ. ನಿಂತವೆ."

ಅಪ್ಪನ ಕಾಲದಲ್ಲಿ ಆಳು ಮುಳುಗುವಷ್ಟು ನೀರಿದ್ದ ಜಾಗ ಅದು. ಮೆಲ್ಲಗೆ ಅತ್ತ ಹೋಗಿ ಹುಟ್ಟನ್ನು ಇಳಿಬಿಟ್ಟ. ಮೊಣಕೈಯುದ್ದ ಇಳಿಯುವುದರೊಳಗೆ ಹೂಳು ತಗುಲಿತು. ಊರವರು ವರ್ಷ ವರ್ಷ ತೂಬಿನ ಸುತ್ತ ಮಾತ್ರ ಹೂಳೆತ್ತುತ್ತಿದ್ದರು. ಉಳಿದ ಕೆರೆಯ ಹೊಟ್ಟೆಯಲ್ಲಿ ನೀರಿಗಿಂತ ಮಣ್ಣೇ ಹೆಚ್ಚಾಗಿತ್ತು. ಗೀಟು ಅದನ್ನು ಹೇಳುವುದಿಲ್ಲ.

"ಏರಿ ಮೇಲೆ ಊರೇ ಕಾಯ್ತಾ ಐತೆ," ಎಂದಳು ಅಕ್ಕ. "ಅರ್ಧ ಅಂದ್ರೆ ಬೈತಾರೆ ಕಣೋ."

"ಬೈಲಿ. ಗಂಗಮ್ಮ ತೋರಿಸಿದ್ದನ್ನ ನುಂಗ್ಕೊಳ್ಳೋಕಾಗುತ್ತಾ?"

ಆಗ ಬಾತುಗಳೆಲ್ಲ ಒಟ್ಟಿಗೆ ಎದ್ದವು. ನೀರು ನಡುಗಿತು, ದೋಣಿ ನಡುಗಿತು. ಆ ರೆಕ್ಕೆಗಳ ಮೊರೆತ ಇಬ್ಬರ ಎದೆಯೊಳಗೇ ಎದ್ದಂತಾಯಿತು. ದಡ ಸೇರಿದಾಗ ಊರ ಹಿರಿಯ ದೊಡ್ಡನಾರಾಯಣಪ್ಪ ಸಾಲು ಸಾಲಾಗಿ ಹೋಗುತ್ತಿದ್ದ ಹಕ್ಕಿಗಳತ್ತ ಮುಖವೆತ್ತಿ ನಿಂತಿದ್ದ, ಕೇಳಬೇಕಾದ್ದನ್ನೇ ಮರೆತಿದ್ದ. ಕೊನೆಯ ಸಾಲು ದಾಟುವವರೆಗೆ ಆವಲಪ್ಪ ಕಾದ. ಆಮೇಲೆ, "ಅರ್ಧ ಬಯಲು" ಎಂದ.