ಮೀಸೆಯ ಕೆಳಗಿನ ಗುಳಿ

ಕೆರಿಯಪ್ಪನ ಸೊಂಟ ಹಿಡಿದು ಎರಡು ದಿನವಾಗಿತ್ತು. ಜಗಲಿಯ ಚಾಪೆಯ ಮೇಲೆ ಮಗ್ಗುಲಾಗಿ ಬಿದ್ದವನಿಗೆ ಕೆಮ್ಮಿದರೂ ಜೀವ ಹೋದಂತಾಗುತ್ತಿತ್ತು. ಆದರೆ ಅವನನ್ನು ಕುದಿಸುತ್ತಿದ್ದದ್ದು ನೋವಲ್ಲ. ಪಕ್ಕದ ಮಂಚದ ಮೇಲಿದ್ದ ಅಪ್ಪ ಚೌಡನಿಗೆ ಎರಡು ದಿನದಿಂದ ಸ್ನಾನವಿಲ್ಲ. ತೊಡೆಯ ಮೂಳೆ ಮುರಿದು ನಡಿಗೆ ಕಳೆದುಕೊಂಡ ಮುದುಕನನ್ನು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಕೂರಿಸುವವನು ಅವನೇ. ಆ ಕೆಲಸಕ್ಕೆ ಬೇರೆ ಯಾರಿಗೂ ಕೈಹಾಕಗೊಡುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆಗೇನೂ ಆಗಿಲ್ಲ, ಉಳುಕು ಎಂದಿದ್ದರು. ಮಾತ್ರೆ ನುಂಗಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಮೂರನೆಯ ದಿನ ಗೆಳೆಯ ನೂರ್ ಅಹ್ಮದ್ ತನ್ನ ಪಿಕಪ್ಪಿನಲ್ಲಿ ಮಗಳು ನುಜ್ಹತ್‌ಳನ್ನು ಕರೆತಂದ. ಅವಳು ಶಿರಸಿಯಲ್ಲಿ ಸೂಜಿ ಚಿಕಿತ್ಸೆ ಮಾಡುವವಳು. ಕಾಲ್ಬೆರಳು ಆಡಿಸಿ ನೋಡಿದಳು. ಜೋಮು ಉಂಟಾ, ಮೂತ್ರ ಸರಿ ಹೋಗ್ತದಾ ಎಂದು ವಿಚಾರಿಸಿದಳು. ಆಮೇಲೆ ಅವನ ಮೂಗಿನ ಕೆಳಗೆ, ದಪ್ಪ ಮೀಸೆಯಡಿಯ ಗುಳಿಗೆ ಬೆರಳಿಟ್ಟಳು.

"ಸೂಜಿ ಇಲ್ಲಿ, ಕಾಕಾ."

"ನೋವು ಸೊಂಟಕ್ಕೆ ಮಾರಾಯ್ತಿ! ಮೂತಿಗೆ ಎಂತಕ್ಕೆ ಚುಚ್ತಿ?"

"ಬೆನ್ನಿನ ಗುಂಟ ಒಂದು ದಾರಿ ಉಂಟು. ಬಾಲದ ಮೂಳೆಯಿಂದ ಹತ್ತಿ, ತಲೆ ದಾಟಿ, ಮೇಲ್ದುಟಿಗೆ ಇಳೀತದೆ. ಆ ತುದೀಲಿ ಗಂಟು ಬಿದ್ರೆ ಈ ತುದೀಲಿ ಬಿಡಿಸ್ಬೇಕು. ಎಚ್ಚರ ತಪ್ಪಿದವ್ರಿಗೂ ಇಲ್ಲೇ ಉಗುರು ಒತ್ತೋದು. ಚೀನಾದವ್ರು ಇದಕ್ಕೆ ಮನುಷ್ಯನ ನಡು ಅಂತಾರೆ. ಮೇಲೆ ಮೂಗಿಗೆ ಆಕಾಶದ ಗಾಳಿ, ಕೆಳಗೆ ಬಾಯಿಗೆ ಭೂಮಿಯ ಅನ್ನ. ನಡುವೆ ಮನುಷ್ಯ."

"ನಡು ಹಿಡಿದವಂಗೆ ನಡುವಿನ ಮದ್ದು!" ಚೌಡ ಮಂಚದ ಮೇಲಿಂದ ಕಿಸಕ್ಕೆಂದ.

"ಆದ್ರೆ ಈ ಮೀಸೆ ಹೋಗ್ಬೇಕು. ಚರ್ಮವೇ ಕಾಣೋದಿಲ್ಲ."

ಕೆರಿಯಪ್ಪ ಸಿಡಿದೆದ್ದ, ಏಳಲಾಗದೆ ಬಿದ್ದ. ಅಪ್ಪ ಸತ್ತಾಗ ಮೀಸೆ ತೆಗೆಯುವ ಊರು ಅದು. "ನಮ್ಮಪ್ಪ ಇನ್ನೂ ಉಸಿರಾಡ್ತಾ ಅದಾನೆ! ನಡಿ ಆಚೆ!"

"ಉಸಿರಾಡ್ತಾನೂ ಇದೀನಿ, ನಾರ್ತಾನೂ ಇದೀನಿ. ಬೋಳ್ಸು ಮಾರಾಯ," ಎಂದ ಚೌಡ. "ನಾ ಸತ್ಮೇಲೆ ನೀ ಹ್ಯಾಂಗೆ ಕಾಣ್ತಿ ಅಂತ ಇವತ್ತೇ ನೋಡ್ತೀನಿ."

ಅಪ್ಪನೇ ಹೇಳಿದ ಮೇಲೆ ಕೆರಿಯಪ್ಪ ಮುಖ ಒಡ್ಡಿದ. ಹೆಂಡತಿ ತಿಮ್ಮಿ ಬ್ಲೇಡು ಆಡಿಸಿದಳು. ಅಷ್ಟರಲ್ಲಿ ಮಜ್ಜಿಗೆ ತಂದ ಆಚೆಮನೆಯ ದುರ್ಗಮ್ಮ ಅವನ ಬೋಳು ತುಟಿ ಕಂಡದ್ದೇ, "ಅಯ್ಯೋ ಚೌಡಣ್ಣಾ, ಹೋದ್ಯಾ!" ಎಂದು ಬಾಯಿ ಬಡಿದುಕೊಂಡಳು.

"ಇಲ್ಲೇ ಇದೀನಿ ಕಣೆ," ಎಂದ ಚೌಡ. "ಆವತ್ತಿಗೂ ಸ್ವಲ್ಪ ಅಳು ಉಳಿಸ್ಕೊ."

ಸೂಜಿ ಇಳಿಯಿತು. ಕೆರಿಯಪ್ಪನ ಕಣ್ಣಲ್ಲಿ ನೀರು ಚಿಮ್ಮಿತು. ಬಯ್ಯಬೇಕೆಂದರೆ ತುಟಿ ಅಲ್ಲಾಡಿಸುವಂತಿಲ್ಲ.

"ಏಳಿ. ಮೆಲ್ಲಗೆ ನಡು ತಿರುಗಿಸಿ."

ನುಜ್ಹತ್‌ಳ ಅಂಗೈ ಬೆನ್ನಿಗೆ ಆನಿಕೊಂಡಿತ್ತು. ಎದ್ದ. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. ಬಿಗಿದ ಹಗ್ಗ ಎಳೆ ಎಳೆಯಾಗಿ ಸಡಿಲುವಂತೆ ನೋವು ಜಾರತೊಡಗಿತು. ಪೂರಾ ಹೋಗಲಿಲ್ಲ, ಆದರೆ ಸೂಜಿ ತೆಗೆಯುವ ಹೊತ್ತಿಗೆ ಅವನು ನೆಟ್ಟಗೆ ನಿಂತಿದ್ದ. ಕೂದಲೆಳೆಯಂಥ ಆ ಸೂಜಿಯನ್ನೂ, ಅದನ್ನು ಹಿಡಿದ ಎರಡು ಬೆರಳನ್ನೂ ಬಿಟ್ಟ ಕಣ್ಣಿಂದ ನೋಡಿದ. ಯಾವ ಪುಣ್ಯಾತ್ಮ ಹುಡುಕಿದನೋ ಈ ದಾರಿಯನ್ನು!

ಮರುಕ್ಷಣ ಅಪ್ಪನ ಮಂಚದತ್ತ ಬಾಗಲು ಹೋದ. ನುಜ್ಹತ್ ಅಡ್ಡ ನಿಂತಳು.

"ಎಂಟು ದಿನ ಭಾರ ಎತ್ತೋ ಹಾಗಿಲ್ಲ."

ಅವನು ದುರುಗುಟ್ಟಿದ. ಊರೇ ಹೆದರುವ ಕಣ್ಣು ಅದು. ಹುಡುಗಿ ರೆಪ್ಪೆ ಬಡಿಯಲಿಲ್ಲ. ಭಲೇ, ಎಂದುಕೊಂಡ ಕೆರಿಯಪ್ಪ.

ಕೊನೆಗೆ ನೂರ್ ಅಹ್ಮದನೇ ಮುದುಕನನ್ನು ಎತ್ತಿಕೊಂಡ. ಬಿಸಿನೀರಿನ ತಂಬಿಗೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತ ಕೆರಿಯಪ್ಪನ ದನಿ ಮೂರು ಮನೆಗೆ ಕೇಳಿತು:

"ತಲೆ ಹಿಡಿಯೋ, ತಲೆ! ನಮ್ಮಪ್ಪ ಅದು, ನಿನ್ನ ಪಿಕಪ್ಪಿನ ಸಿಮೆಂಟ್ ಚೀಲ ಅಲ್ಲ!"