ಬಾಗಿಲ ಕಡೆಗಿನ ಅಂಗಾಲು

ತನ್ನದಂತೂ ಅಲ್ಲ.

ಮಧ್ವರಾಜ ಪಂಚೆ ಮೇಲೆತ್ತಿಕೊಂಡು ಇನ್ನಷ್ಟು ಬಗ್ಗಿದ. ಬೆಳಗಿನ ಜಾವ ಹೆಂಡತಿ ಸುಗುಣಾ ಹೊಸ್ತಿಲಿನಿಂದ ದೇವರ ಗೂಡಿನವರೆಗೆ ಅಕ್ಕಿಹಿಟ್ಟು ಕಲಸಿ, ಮುಷ್ಟಿಯೊತ್ತಿ, ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬರೆದಿದ್ದಳು. ಆ ಸಾಲಿನ ಮೂರನೆಯ ಹೆಜ್ಜೆಯನ್ನು ಅರ್ಧ ಅಳಿಸಿ ಗಂಡಸಿನ ಒಂದು ಬಲಗಾಲು ಮೂಡಿತ್ತು. ಹಿಟ್ಟು ಆಗಲೇ ಒಣಗಿ ಬೆಳ್ಳಗಾಗಿತ್ತು.

ಅಂಗಾಲು ಪೂರ್ತಿ ಮೂಡಿತ್ತು. ಅವನನ್ನು ಹಿಡಿದು ನಿಲ್ಲಿಸಿದ್ದು ಅದೇ. ಸರಿಯಾದ ಕಾಲು ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಹಿಮ್ಮಡಿ, ಹೊರಗಿನ ಅಂಚು, ಬೆರಳುಗಳ ಬುಡ, ಇಷ್ಟೇ ತಾಗುವುದು. ಒಳಬದಿಯ ಕಮಾನು ಗಾಳಿಯಲ್ಲಿರುತ್ತದೆ. ಈ ಕಾಲಿಗೆ ಕಮಾನೇ ಇರಲಿಲ್ಲ. ನವಿ ಮುಂಬಯಿಯ ಫಿಸಿಯೋಥೆರಪಿ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಅಂಗರಚನೆ ಪಾಠ ಮಾಡುವವನಿಗೆ ಅಷ್ಟೂ ತಿಳಿಯದೆ? ಅವನ ಸ್ವಂತ ಕಾಲಿನ ಅಚ್ಚು, ಇಪ್ಪತ್ತೆರಡರ ವಯಸ್ಸಿನಲ್ಲಿ ಶಾಯಿ ಬಳಿದು ತೆಗೆದದ್ದು, ಲ್ಯಾಮಿನೇಟ್ ಆಗಿ ಕ್ಲಾಸಿನ ಗೋಡೆಯ ಮೇಲಿದೆ. ಕೆಳಗೆ ‘ನಾರ್ಮಲ್’ ಎಂದು ಬರೆದಿದೆ.

ಸುಗುಣಾಳ ಕಾಲು ಇದರ ಮುಕ್ಕಾಲೂ ಇಲ್ಲ. ಮನೆಯಲ್ಲಿ ಇರುವುದು ಇವರಿಬ್ಬರೇ. ಮದುವೆಯಾಗಿ ಹದಿನೆಂಟು ವರ್ಷವಾದರೂ ಈ ಮನೆಗೆ ಬಂದ ಸಣ್ಣ ಕಾಲುಗಳೆಂದರೆ ವರ್ಷಕ್ಕೊಮ್ಮೆ ಅವಳು ಮುಷ್ಟಿಯಲ್ಲಿ ಬರೆಯುವವು ಮಾತ್ರ.

ಇನ್ನೂ ಒಂದು ವಿಷಯವಿತ್ತು. ಕೃಷ್ಣನ ಹೆಜ್ಜೆಗಳೆಲ್ಲ ಒಳಮುಖವಾಗಿದ್ದವು. ಈ ಕಾಲಿನ ಬೆರಳುಗಳು ಬಾಗಿಲ ಕಡೆಗಿದ್ದವು. ಮುಂದಿನ ಹೆಜ್ಜೆ ಕಾಲೊರಸಿನ ಮೇಲೆ ಬಿದ್ದಿರಬೇಕು, ಅಲ್ಲಿ ಸ್ವಲ್ಪ ಬಿಳಿ ಹತ್ತಿತ್ತು. ಅಂದರೆ ಯಾರೋ ಒಳಗೆ ಬಂದದ್ದಲ್ಲ. ಒಳಗಿದ್ದವರು ಹೊರಗೆ ಹೋದದ್ದು.

ಅವನು ನಿದ್ದೆಯಿಂದ ಎದ್ದು, ಬಾಗಿಲಿಗೆ ನೇತುಹಾಕಿದ್ದ ಹಾಲಿನ ಚೀಲ ಒಳಗಿಟ್ಟು, ಸ್ನಾನಕ್ಕೆ ಹೋಗಿ ಬರುವುದರಲ್ಲಿ ಅರ್ಧ ಗಂಟೆ ಕಳೆದಿತ್ತು. ಪ್ಯಾಸೇಜಿನ ಬಲ್ಬು ಸುಟ್ಟು ವಾರವಾಗಿತ್ತು. ತರುತ್ತೇನೆ ಎಂದು ದಿನಾ ಹೇಳುತ್ತಿದ್ದ. ಕತ್ತಲೆ ಅನುಕೂಲವಾಯಿತು ಯಾರಿಗೋ.

“ಯಾರು ಬಂದದ್ದು?” ಎಂದು ಕೇಳಿದ.

ಸುಗುಣಾ ಅಡಿಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದಳು. “ಯಾರೂ ಇಲ್ಲ.”

“ಯಾರೂ?”

“ಇಷ್ಟು ಬೆಳಿಗ್ಗೆ ಯಾರು ಬರ್ತಾರೆ?”

ಅವನು ಬಟ್ಟೆ ಹಾಕಿಕೊಂಡ. ಹೊರಡುವಾಗ ಆ ಹೆಜ್ಜೆಯನ್ನು ದಾಟಿ, ತಿರುಗಿ ನಿಂತು, “ಇದನ್ನು ಒರೆಸ್ಬೇಡ” ಎಂದ. ಅವಳು ಹೆಜ್ಜೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

ಡೊಂಬಿವಲಿ ಸ್ಟೇಷನ್ನಿನಲ್ಲಿ ಭುಜಂಗ ಸಿಕ್ಕ. ಎದುರಿನ ಫ್ಲ್ಯಾಟಿನವನು, ಬ್ಯಾಂಕಿನ ಕೆಲಸ. ಹೆಂಡತಿ ಬಾಗಲಕೋಟೆಗೆ ತವರಿಗೆ ಹೋಗಿ ಎರಡು ತಿಂಗಳಾಗಿತ್ತು.

“ಏನ್ರಿ ಸರ, ಇಲ್ಲೆ ದಹಿಹಂಡಿ ಮುಗದು ತಿಂಗಳಾತು, ನಿಮ್ಮ ಉಡುಪಿ ಕೃಷ್ಣ ಇವತ್ತ ಹುಟ್ಟತಾನೇನ್ರಿ?”

“ನಮ್ಮದು ಸೌರ ಪಂಚಾಂಗ, ನಮಗೆ ಅಷ್ಟಮಿ ಇವತ್ತು.”

“ಅಕ್ಕಾರು ಹೇಳಿದ್ರು ಬಿಡ್ರಿ.”

ಸುಗುಣಾ ಯಾವಾಗ ಹೇಳಿದಳು? ಗಾಡಿ ಬಂತು. ನೂಕುನುಗ್ಗಲಿನಲ್ಲಿ ದಿವಾ ಸ್ಟೇಷನ್ ದಾಟುವವರೆಗೆ ಇಬ್ಬರೂ ಎದೆಗೆದೆ ತಾಗಿಸಿಕೊಂಡು ನಿಂತಿದ್ದರು. ಭುಜಂಗನಿಂದ ಪಾರಿಜಾತದ ವಾಸನೆ ಬರುತ್ತಿತ್ತು, ಅಥವಾ ಬರುತ್ತಿದೆ ಎಂದು ಮಧ್ವರಾಜನಿಗೆ ಅನ್ನಿಸಿತು. ಅವನು ಹೇಗೋ ಕತ್ತು ತಗ್ಗಿಸಿ ಭುಜಂಗನ ಬೂಟು ನೋಡಿದ. ಅಗಲದ ಬೂಟು. ಒಳಗಿನ ಕಾಲು ಚಪ್ಪಟೆಯೇ ಎಂದು ತೀರ್ಮಾನಿಸಿಬಿಟ್ಟ.

ಠಾಣೆಯಲ್ಲಿ ಇಳಿದು ಕಾಲೇಜಿರುವ ನೆರೂಳಿನ ಗಾಡಿಗೆ ಕಾಯುವಾಗ ಮನೆಗೆ ಫೋನ್ ಮಾಡಿದ.

“ಭುಜಂಗ ಬಂದಿದ್ದನಾ?”

ಆ ಕಡೆ ಎಣ್ಣೆ ಚುರುಗುಟ್ಟುತ್ತಿತ್ತು. “ಪಾರಿಜಾತದ ಹೂ ಕೊಟ್ಟು ಹೋದ್ರು. ಅವರ ಬಾಲ್ಕನಿಯದ್ದು. ಪ್ರತಿ ವರ್ಷ ಕೊಡ್ತಾರಲ್ಲ.”

“ಯಾವಾಗ?”

“ನೀವು ಸ್ನಾನಕ್ಕೆ ಹೋದಾಗ. ಬಾಗಿಲಲ್ಲೇ.”

“ಯಾರೂ ಬರ್ಲಿಲ್ಲ ಅಂದಿ.”

“ಹೂ ಕೊಟ್ಟದ್ದು ಬಂದ ಹಾಗಾ?”

ಪ್ಲ್ಯಾಟ್‌ಫಾರ್ಮಿನ ತುಂಬ ಜನ. ಯಾರಿಗೂ ಕನ್ನಡ ಬಾರದು ಎಂಬ ಧೈರ್ಯದಲ್ಲಿ, ಅವನು ದೊಡ್ಡ ದನಿಯಲ್ಲೇ ಕೇಳಿದ: “ಎಷ್ಟು ದಿವಸದಿಂದ ನಡೀತಾ ಉಂಟು ಇದು?”

ಅವಳು ಫೋನ್ ಇಟ್ಟಳು. ಕೇಳಿದ್ದರಲ್ಲಿ ತಪ್ಪಿಲ್ಲ ಎಂದು ಅವನು ಗಾಡಿ ಐರೋಳಿ ಮುಟ್ಟುವವರೆಗೆ ಹೇಳಿಕೊಂಡ. ಆಮೇಲೆ ಹೇಳಿಕೊಳ್ಳುವುದನ್ನು ಬಿಟ್ಟು ಸುಮ್ಮನೆ ಕಿಟಕಿಯಾಚೆ ನೋಡಿದ.

ಇವತ್ತೇ ಅಂಗಾಲಿನ ಪಾಠವಿತ್ತು. ಎಲ್ಲ ಬಿಟ್ಟು ಇವತ್ತೇ.

ಪಾಠ ಬಾಯಿಪಾಠ. ಚರ್ಮದ ಕೆಳಗೆ ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿಟ್ಟ ಕೊಬ್ಬು. ಅದರ ಮೇಲೆ ಹಿಮ್ಮಡಿಯಿಂದ ಬೆರಳುಗಳವರೆಗೆ ಬಿಗಿದ ಬಿಳಿ ಪಟ್ಟಿ. ಆಮೇಲೆ ನಾಲ್ಕು ಪದರ ಸ್ನಾಯು. ಕಮಾನನ್ನು ಎತ್ತಿ ಹಿಡಿಯುವ ಮುಖ್ಯವಾದ ಒಂದು ಸ್ನಾಯುರಜ್ಜು ಕಾಲಗಂಟಿನ ಹಿಂದಿನಿಂದ ಇಳಿದು ಬರುತ್ತದೆ. ನಲವತ್ತು ದಾಟಿದವರಲ್ಲಿ ಅದು ಸಡಿಲವಾಗಬಹುದು. ಆಗ ಕಮಾನು ಕೂರುತ್ತದೆ, ನಿಧಾನವಾಗಿ, ಎಷ್ಟೋ ಸಲ ನೋವೂ ಇಲ್ಲದೆ. ಇದನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ ಎಂದಾಗ ಎಲ್ಲರೂ ಬರೆದುಕೊಂಡರು.

ಆಮೇಲೆ ಪ್ರತಿ ವರ್ಷದ ಆಟ. ಮಕ್ಕಳು ಕಾಲಿಗೆ ಶಾಯಿ ಬಳಿದುಕೊಂಡು ಕಾಗದದ ಮೇಲೆ ನಿಲ್ಲಬೇಕು, ಅಚ್ಚನ್ನು ಗೋಡೆಯ ಮೇಲಿನದರ ಜೊತೆ ಹೋಲಿಸಬೇಕು.

“ಆ ಗೋಡೆ ಮೇಲಿನದು ಯಾರದ್ದು ಗೊತ್ತುಂಟಾ? ನನ್ನದು” ಎಂದ ಮುಂದಿನ ಬೆಂಚಿನ ನಿಶ್ಮಿತಾಳಿಗೆ. ತಂದೆ ತಾಯಿ ಮೂಲ್ಕಿ ಕಡೆಯವರು, ಹುಡುಗಿ ಹುಟ್ಟಿದ್ದು ಕಲ್ಯಾಣದಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

“ವೋ ತೋ ಪುರಾನಾ ಹೈ ಸರ್. ಆಜ್ ಕಾ ದಿಖಾವೋ ನಾ.”

ಹಳೆಯದು ಬೇಡ, ಇವತ್ತಿನದು ತೋರಿಸಿ ಎಂದದ್ದಕ್ಕೆ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಬೂಟು ಬಿಚ್ಚಿ, ಸಾಕ್ಸ್ ಕಳಚಿ, ಶಾಯಿ ಬಳಿಸಿಕೊಂಡು ಕಾಗದದ ಮೇಲೆ ಬಲಗಾಲು ಊರಿದ. ಎತ್ತಿದ.

ಕಾಗದದ ಮೇಲೆ ಅಂಗಾಲು ಪೂರ್ತಿ ಮೂಡಿತ್ತು.

ಚಪ್ಪಾಳೆ ನಿಂತಿತು. ನಿಶ್ಮಿತಾ ಗೋಡೆಯ ಕಡೆ ನೋಡಿದಳು, ಕಾಗದ ನೋಡಿದಳು. ಶ್ರದ್ಧೆಯ ಹುಡುಗಿ, ಹೇಳದೆ ಬಿಡುವವಳಲ್ಲ. “ಸರ್, ಯೇ ತೋ ಫ್ಲ್ಯಾಟ್ ಹೈ.”

“ಹೌದು, ಚಪ್ಪಟೆ” ಎಂದ ಮಧ್ವರಾಜ. “ಬರೆದುಕೊಳ್ಳಿ.”

ಸ್ಟಾಫ್ ರೂಮಿನಲ್ಲಿ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಶಾಯಿ, ಹಾಗೇ ಕುಳಿತ. ಬೆಳಿಗ್ಗೆ ಕತ್ತಲಲ್ಲಿ ಬಾಗಿಲವರೆಗೆ ನಡೆದು ಹಾಲಿನ ಚೀಲ ತಂದವನು ತಾನೇ. ಆಮೇಲೆ ಸ್ನಾನದಲ್ಲಿ ಕಾಲು ತೊಳೆದುಕೊಂಡವನೂ ತಾನೇ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೆದರಿಕೆಯಾಯಿತು. ಠಾಣೆ ಸ್ಟೇಷನ್ನಿನಲ್ಲಿ ಆಡಿದ ಮಾತನ್ನು ಯಾವ ಮುಖದಲ್ಲಿ ವಾಪಸು ತೆಗೆದುಕೊಳ್ಳುವುದು? ಐದು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಆರನೆಯ ಸಲ ಮಾಡುವಾಗ ಮನಸ್ಸು ಮತ್ತೆ ಕೇಳಿತು: ಹಾಗಿದ್ದರೆ ಹೂವಿನ ವಿಷಯ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ? ಇಂಥ ಮನಸ್ಸಿನ ಬಗ್ಗೆ ಅವನಿಗೇ ಅಸಹ್ಯವಾಯಿತು.

ಸಂಜೆ ಮನೆಗೆ ಬಂದಾಗ ಮಳೆ ಹನಿಯುತ್ತಿತ್ತು. ಬಾಗಿಲು ತೆರೆದಿತ್ತು. ಪ್ಯಾಸೇಜಿನಲ್ಲಿ ಹೊಸ ಬಲ್ಬು ಉರಿಯುತ್ತಿತ್ತು. ಆ ಹೆಜ್ಜೆ ಇದ್ದ ಜಾಗದಲ್ಲಿ ಸ್ಟೀಲಿನ ದೊಡ್ಡ ಹರಿವಾಣವೊಂದು ಬೋರಲು ಬಿದ್ದಿತ್ತು. ಭುಜಂಗ ಬರಿಗಾಲಲ್ಲಿ ಅದನ್ನು ದಾಟಿಕೊಂಡು ಹೊರಗೆ ಬರುತ್ತಿದ್ದ.

“ಬಲ್ಬ್ ತಂದ ಹಾಕಿಕೊಡ್ರಿ ಅಂದ್ರು ಅಕ್ಕಾರು, ಹಾಕಿದೆ. ಇದರ ಕೆಳಗೇನೈತ್ರಿ ಸರ? ಮುಟ್ಟಬ್ಯಾಡ ಅಂತ ನೀವು ಹೇಳೀರಂತ, ಬಂದವರೆಲ್ಲ ಜಿಗದ ಹೋಗಬೇಕಾತು.”

ಮಳೆಯಲ್ಲಿ ನೆನೆದಿದ್ದ ಭುಜಂಗನ ಕಾಲುಗಳು ಟೈಲ್ಸಿನ ಮೇಲೆ ಒದ್ದೆ ಗುರುತು ಬಿಟ್ಟಿದ್ದವು. ಹಿಮ್ಮಡಿ, ಹೊರಗೊಂದು ಸಪೂರ ಪಟ್ಟಿ, ಐದು ಬೆರಳು. ಕ್ಲಾಸಿನ ಗೋಡೆಗೆ ಹಾಕಬಹುದಾದಂಥ ಕಾಲು.

ಭುಜಂಗ ಹೋದ ಮೇಲೆ ಮಧ್ವರಾಜ ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದ. ಶಾಯಿ ಪೂರ್ತಿ ಹೋಗಲಿಲ್ಲ. ಸುಗುಣಾ ಹರಿವಾಣದ ಪಕ್ಕ ನಿಂತಿದ್ದಳು.

“ಅದು ನನ್ನದೇ” ಎಂದ.

“ಗೊತ್ತುಂಟು.”

“ಯಾವಾಗ ಗೊತ್ತಾಯ್ತು?”

“ಬೆಳಿಗ್ಗೆಯೇ. ಹದಿನೆಂಟು ವರ್ಷದಿಂದ ಈ ನೆಲ ಒರೆಸಿದ್ದು ಯಾರು?”

“ಹೇಳ್ಬಹುದಿತ್ತಲ್ಲ.”

“ಯಾರ ಕಾಲು ಅಂತ ನೀವೆಲ್ಲಿ ಕೇಳಿದ್ರಿ? ಯಾರು ಬಂದದ್ದು ಅಂತ ಕೇಳಿದ್ರಿ.”

ಕ್ಷಮಿಸು ಎನ್ನುವ ಶಬ್ದ ಈ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. “ಫೋನಿನಲ್ಲಿ ನಾನು ಏನೋ…”

“ಅದಕ್ಕೆ ನಾನು ಉತ್ತರ ಹೇಳ್ಲಿಲ್ಲ ಅಲ್ವಾ? ಹೇಳುವುದೂ ಇಲ್ಲ.” ಅವಳು ಹರಿವಾಣ ಎತ್ತಿದಳು, ಒದ್ದೆ ಬಟ್ಟೆಯೊಂದನ್ನು ಅವನ ಕೈಗೆ ಕೊಟ್ಟಳು. “ಈಗ ಒರೆಸ್ಬಹುದಲ್ಲ?” ಎಂದು ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವನು ಬಾಗಿಲಿಗೆ ಮುಖ ಮಾಡಿ, ಬಗ್ಗಿ ಒರೆಸತೊಡಗಿದ. ಒಣಗಿದ ಹಿಟ್ಟು ಸುಲಭಕ್ಕೆ ಬಿಡಲಿಲ್ಲ. ನೀರು ಹಾಕಿ ತಿಕ್ಕಿದ. ಸುತ್ತಲಿನ ಪುಟ್ಟ ಹೆಜ್ಜೆಗಳು ಮೊದಲು ಕರಗಿ ಹರಿದವು. ಬಟ್ಟೆಯಿಂದ ಒತ್ತಿ ತಡೆಯಲು ಹೋದರೆ ಇನ್ನೆರಡು ಹೋದವು. ಕಾಲ ಕೆಳಗೆ ಒದ್ದೆಯಾಗಿದ್ದರಿಂದ ಒಂದು ಹೆಜ್ಜೆ ಹಿಂದೆ ಸರಿದ. ಬಿಟ್ಟ ಜಾಗದಲ್ಲಿ ಚಪ್ಪಟೆಯಾದ ಒಂದು ಕಾಲು ಬೂದು ಬಣ್ಣದಲ್ಲಿ ಮೂಡಿತು. ಒರೆಸಿದರೂ ಅದು ಪೂರ್ತಿ ಹೋಗಲಿಲ್ಲ, ಮತ್ತೆ ಸರಿದ. ಮತ್ತೊಂದು ಮೂಡಿತು.

ಹಾಗೇ ಒರೆಸುತ್ತ, ಸರಿಯುತ್ತ, ಬೆನ್ನಿಗೆ ದೇವರ ಗೂಡು ತಾಗಿದಾಗ ತಲೆಯೆತ್ತಿ ನೋಡಿದ. ಹೊಸ ಬಲ್ಬಿನ ಬೆಳಕಿನಲ್ಲಿ ಎಲ್ಲವೂ ಕಾಣುತ್ತಿತ್ತು. ಒಳಗೆ ಬರುವ ಪುಟ್ಟ ಹೆಜ್ಜೆ ಒಂದೂ ಉಳಿದಿರಲಿಲ್ಲ. ಅವನಿದ್ದಲ್ಲಿಂದ ಹೊಸ್ತಿಲಿನವರೆಗೆ, ಒಂದರ ಮುಂದೊಂದು, ಚಪ್ಪಟೆ ಅಂಗಾಲುಗಳು ಸಾಲಾಗಿ ಹೊರಗೆ ನಡೆದುಹೋಗಿದ್ದವು.