ಮುಟ್ಟದೆ ಹುಯ್ಯುವ ನೀರು

“ಹಿಡಿ ಮುಟ್ಟಬೇಡ್ವೋ, ಬೋಳೀಮಗನೆ! ಅಮಲ್ದಾರರು ಕೈಯಿಡೋ ಜಾಗ ಅದು!”

ಮುನಿಯಲ್ಲಪ್ಪ ಕಾರಿನ ಬಾಗಿಲ ಹಿಡಿಯನ್ನು ಮುಟ್ಟಿರಲಿಲ್ಲ. ಅದರ ಮೇಲೆ ಕೂತಿದ್ದ ನೊಣವನ್ನು ಓಡಿಸಿದ್ದ. ನೊಣ ಹಾರಿ ಹೋಗಿ ಊರಿನ ಒಡೆಯರಾದ ಜೋಡಿದಾರ ಕೋದಂಡರಾಮಪ್ಪನವರ ಹೆಗಲಿನ ಜರಿ ಶಲ್ಯದ ಮೇಲೆ ಕೂತಿತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ಯಲ್ದೂರಿನ ಆಚೆಯ ಆ ಹಳ್ಳಿಗೆ ಅದೊಂದೇ ಕಾರು. ಯುಗಾದಿಗೆ ಬೆಂಗಳೂರಿನಿಂದ ಬಂದದ್ದು. ಬಂದ ದಿನವೇ ಹಣೆಗೆ ಕುಂಕುಮ ಹಚ್ಚಿಸಿಕೊಂಡು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ತುಳಿದು, ದೇವರ ಪೈಕಿ ಸೇರಿಕೊಂಡಿತ್ತು. ಅದು ಎದುರಿಗೆ ಬಂದರೆ ಹೊಲಗೇರಿಯವರು ದಾರಿ ಬಿಟ್ಟು ಹೊಲಕ್ಕೆ ಇಳಿದು ನಿಲ್ಲಬೇಕು. ಅದು ಎಬ್ಬಿಸಿದ ಧೂಳನ್ನು ಮಾತ್ರ ಯಾವ ಜಾತಿಯವರಾದರೂ ಕುಡಿಯಬಹುದು.

ಹಿಂದಿನ ದಿನ ಶ್ರೀನಿವಾಸಪುರಕ್ಕೆ ಹೋಗಿ ಬಂದ ಕಾರಿನ ಮೇಲೆ, ಬೆರಳಲ್ಲಿ ಬರೆದರೆ ಅಕ್ಷರ ಮೂಡುವಷ್ಟು ಧೂಳು ಕೂತಿತ್ತು. ಮಧ್ಯಾಹ್ನಕ್ಕೆ ತಾಲ್ಲೂಕಿನ ಅಮಲ್ದಾರರು ಬರುವವರಿದ್ದರು. ಅವರನ್ನು ಕಾರಿನ ಪಕ್ಕ ನಿಲ್ಲಿಸಿಕೊಂಡು ಫೋಟೋ ತೆಗೆಸಬೇಕೆಂದು ಕೋಲಾರದಿಂದ ಫೋಟೋದವನಿಗೂ ಹೇಳಿ ಕಳಿಸಿಯಾಗಿತ್ತು. ದಿನವೂ ಕಾರು ತೊಳೆಯುತ್ತಿದ್ದ ಡ್ರೈವರ್ ಸತ್ತಾರ್ ಸಾಬರ ಬಲಗೈಯನ್ನು ಅವತ್ತು ಬೆಳಿಗ್ಗೆಯೇ ಸ್ಟಾರ್ಟು ಮಾಡುವ ಹ್ಯಾಂಡಲ್ಲು ಒದ್ದು ಮುರಿದಿತ್ತು. ಚಿನ್ನದ ಗಣಿಯಲ್ಲಿ ಬಿಳಿ ದೊರೆಯೊಬ್ಬನ ಬಂಗಲೆಯಲ್ಲಿ ಮೂರು ವರ್ಷ ಕಾರು ತೊಳೆದು ಬಂದವನು ಊರಲ್ಲಿ ಒಬ್ಬನಿದ್ದ. ಅವನು ಹೊಲಗೇರಿಯ ಮುನಿಯಲ್ಲಪ್ಪ. ಪುರೋಹಿತರನ್ನು ಕೇಳಿದಾಗ, “ಲೋಹಕ್ಕೆ ಮೈಲಿಗೆ ನಿಲ್ಲೋದಿಲ್ಲ, ಮೇಲೆ ನೀರು ಹರಿದರೆ ಹೋಯಿತು,” ಎಂದಿದ್ದರು. ಅಗತ್ಯ ಬಿದ್ದಾಗ ಶಾಸ್ತ್ರ ಎಷ್ಟು ಬೇಗ ಕೈಗೆ ಸಿಗುತ್ತದೆ!

“ಒಳಗಡೆ ಸೀಟಿನ ಮೇಲೆ ನಿನ್ನ ಉಸಿರೂ ಬೀಳಕೂಡದು,” ಎಂದು ಕೂಗಿ ಜೋಡಿದಾರರು ಜಗಲಿ ಹತ್ತಿದರು.

ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಿಂತಿದ್ದ ಸತ್ತಾರ್ ಸಾಬರು ಗಡ್ಡದೊಳಗೇ ನಕ್ಕರು. “ಸೀಟು ಯಾವ ಜಾನ್ವರ್‌ದು ಚಮಡಾ ಅಂತ ಕೇಳಬಾರದು, ಮುನಿಯಲ್ಲಪ್ಪಾ.”

“ಕೇಳಲ್ಲ ಸಾಬರೇ. ಹಸ ಸತ್ತಾಗ ನಮ್ಮನ್ನ ಕರೀತಾರೆ. ಸೀಟಾದ ಮ್ಯಾಲೆ ಕರೆಯಲ್ಲ.”

ಜಗಲಿಯ ಮೇಲಿಂದ ಒರಟು ಪಂಚೆಯ ತುಂಡೊಂದು ಬಂದು ಬಿತ್ತು. “ಉಜ್ಜೋ ಅದರಲ್ಲಿ. ಬೇಗ.”

“ಒಣಗಿದ್ದಾಗ ಉಜ್ಜಂಗಿಲ್ಲ ಸ್ವಾಮಿ. ಧೂಳು ಅಂದ್ರೆ ಕಲ್ಲಿನ ಹಿಟ್ಟು. ಬಟ್ಟೆ ಜತೆ ಎಳೆದ್ರೆ ಬಣ್ಣದ ತುಂಬ ಗೀರು. ಮೊದ್ಲು ಮೇಲಿಂದ ನೀರು ಬಿಡ್ಬೇಕು, ಕೈ ತಾಗದಂಗೆ. ಧೂಳು ತಾನೇ ಇಳೀಬೇಕು. ಆಮ್ಯಾಲೆ ಹಳೇ ಮೆತ್ತನೆ ಬಟ್ಟೆ ಒದ್ದೆ ಮಾಡಿ, ಒತ್ತದೆ ಇಳಿಸ್ಬೇಕು.”

“ನನಗೇ ಪಾಠ ಹೇಳ್ತೀಯೇನ್ಲಾ, ಬಂಗಲೆ ಎಂಜಲು ತಿಂದೋನೆ?”

“ಅವನು ಹೇಳೋದು ಸಚ್ ಸ್ವಾಮಿ,” ಎಂದರು ಸತ್ತಾರ್ ಸಾಬರು. “ಸೂಖಾ ಕಪ್ಡಾ ನಕ್ಕೋ, ಒಣ ಬಟ್ಟೆ ಬೇಡ. ಗೀರು ಬಿದ್ರೆ ಫೋಟೋದಾಗೆ ಕಾಣ್ತದೆ.”

ಫೋಟೋ ಎಂಬ ಮಾತು ನಾಟಿತು. “ಆಂಜಿನಪ್ಪಾ! ಇವನಿಗೆ ನೀರು ಸೇದಿ ಹುಯ್ಯೋ. ಎಷ್ಟು ಬೇಕೋ ಅಷ್ಟು.”

ಬಾವಿ ಮನೆಯ ಪಕ್ಕದ ಹಿತ್ತಿಲಲ್ಲಿತ್ತು. ಕೇರಿಯ ಕುಂಟೆ ಬತ್ತಿ ಹದಿನೈದು ದಿನವಾಗಿತ್ತು. ಅಂದಿನಿಂದ ಕೇರಿಯ ಹೆಂಗಸರು ಹಿತ್ತಿಲಿನ ಮೋಟುಗೋಡೆಯ ಆಚೆ ಗಡಿಗೆ ಇಟ್ಟುಕೊಂಡು ಕೂರಬೇಕು. ಮನೆಯ ಆಳು ಆಂಜಿನಪ್ಪ ಸೇದಿ, ಗೋಡೆಯ ಮೇಲೆ ನಿಂತು, ಆಳೆತ್ತರದಿಂದ ಹುಯ್ಯಬೇಕು. ಅವನ ಕೊಡ ಅವರ ಗಡಿಗೆಗೆ ತಾಗಕೂಡದು. ಅರ್ಧ ನೀರು ಗಡಿಗೆಗೆ, ಅರ್ಧ ಮಣ್ಣಿಗೆ.

ಅವತ್ತು ಎಲ್ಲರಿಗಿಂತ ಮುಂದೆ ಕೂತಿದ್ದವಳು ಮುನಿಯಲ್ಲಪ್ಪನ ಹೆಂಡತಿ ಅಂಜಮ್ಮ. ಮಗಳು ಮುನಿಗಂಗಮ್ಮ ಹೆತ್ತು ಮೂರು ದಿನ. ಹಿಂದಿನ ಸಂಜೆಯಿಂದ ಜ್ವರ. ಮನೆಯಲ್ಲಿ ಬಾಯಿಗೆ ಬಿಡಲು ತೊಟ್ಟು ನೀರಿರಲಿಲ್ಲ.

“ಅಣ್ಣಾ ಆಂಜಿನಪ್ಪಾ, ಒಂದೇ ಒಂದು ಗಡಿಗೆ ಹುಯ್ಯಿ. ಬಾಣಂತಿ ತುಟಿ ಸೀಳೋಗೈತೆ.”

“ನನ್ನ ಕೇಳಬೇಡಮ್ಮೋ. ಮೊದ್ಲು ಕಾರು ಅಂದವ್ರೆ ಅಯ್ಯನೋರು.”

“ಯಾಕೆ, ಕಾರೂ ಹೆತ್ತೈತಾ?”

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಂಜಿನಪ್ಪನೂ ನಗು ನುಂಗಿ, ಮುನಿಯಲ್ಲಪ್ಪ ಇಟ್ಟ ಎರಡು ಸೀಮೆಎಣ್ಣೆ ಡಬ್ಬಗಳಿಗೆ ಎತ್ತರದಿಂದ ನೀರು ಬಿಟ್ಟ.

ಮುನಿಯಲ್ಲಪ್ಪ ಒಂದು ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ, ಕಾರಿನ ನೆತ್ತಿಯಿಂದ ಸಣ್ಣಗೆ ನೀರಿಳಿಸಿದ. ಕೆಂಪು ಧೂಳು ಕರಗಿ ಗಾಜಿನ ಮೇಲೆ ಹರಿದು, ಬಾನೆಟ್ಟಿಗೆ ಇಳಿಯಿತು. ಎಲ್ಲೂ ಕೈ ತಾಗಲಿಲ್ಲ. ಎರಡು ಡಬ್ಬ, ಮೂರು ಡಬ್ಬ. ಕಾರಿನ ಕೆಳಗೆ ಮಣ್ಣು ಕೆಸರಾಗಿ, ಕೋಳಿಗಳು ಬಂದು ಕುಡಿದವು. ಗೋಡೆಯ ಆಚೆಯವರು ಕೋಳಿಗಳನ್ನು ನೋಡುತ್ತ ಕೂತರು.

“ಪರವಾಗಿಲ್ವೋ, ನಾಜೂಕು ಐತೆ ಕೈ,” ಎಂದರು ಜೋಡಿದಾರರು. “ಎಲ್ಲಿ ಕಲಿತೆ?”

“ಬಟ್ಟೆ ಹಿಡಿಯೋದು ಗಣೀಲಿ ಕಲ್ತೆ ಸ್ವಾಮಿ. ಮುಟ್ಟದೆ ನೀರು ಹುಯ್ಯೋದು ಇಲ್ಲೇ ಕಲ್ತೆ, ನಿಮ್ಮ ಬಾವಿ ಹತ್ರ.”

ಜೋಡಿದಾರರಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಹೋದ ವಾರ ಅದೇ ಜಗಲಿಯಲ್ಲಿ ಅವರು ಪುರಾಣ ಓದಿಸಿದ್ದರು. ಗಂಗೆ ಆಕಾಶದಿಂದ ಇಳಿಯುವ ಪ್ರಸಂಗ. ಮುನಿಯಲ್ಲಪ್ಪ ಬೀದಿಯಾಚೆ ಹೊಂಗೆ ಮರದ ಬುಡದಲ್ಲಿ ಕೂತು, ಪದ್ಯಪದ್ಯಕ್ಕೂ ತಲೆದೂಗಿ, ಕಣ್ಣೊರೆಸಿಕೊಂಡಿದ್ದ. ಸತ್ತವರ ಬೂದಿ ನೆನೆಸಲೆಂದು ಅಷ್ಟು ದೂರ ಇಳಿದು ಬಂದ ತಾಯಿ! ಬದುಕಿರುವವರಿಗಾಗಿ ಒಂದು ಮೋಟುಗೋಡೆ ದಾಟಲು ಅವಳಿಗೆ ಯಾರ ಅಪ್ಪಣೆ ಬೇಕೋ, ಓದಿದವರು ಹೇಳಿರಲಿಲ್ಲ.

ಆರು ಡಬ್ಬ ಮುಗಿದಿದ್ದವು. ಇನ್ನೆರಡು ತುಂಬಿಸಿಟ್ಟ ಮೇಲೆ ಆಂಜಿನಪ್ಪನ ಕೊಡ ಬಾವಿಯ ತಳಕ್ಕೆ ಬಡಿಯಿತು. ಮೇಲೆ ಬಂದದ್ದು ಬರೀ ರೊಚ್ಚೆ.

“ಅಯಿಪೋಯಿಂದಿ, ಮುಗೀತು,” ಎಂದ ಆಂಜಿನಪ್ಪ. “ಇನ್ನು ಸಂಜೆಗಂಟ ಊರಬೇಕು.”

ಗೋಡೆಯ ಆಚೆ ಅಂಜಮ್ಮ ಎದ್ದು ನಿಂತಳು. ಗಂಡನನ್ನೇ ನೋಡಿದಳು.

ಮುನಿಯಲ್ಲಪ್ಪ ಜಗಲಿಯ ಕೆಳಗೆ ಬಂದು ಕೈ ಮುಗಿದ. “ಸ್ವಾಮಿ, ಇರೋದು ಎರಡು ಡಬ್ಬ. ಮಗಳು ಹಸಿ ಬಾಣಂತಿ, ಜ್ವರ. ಇದು ಕೇರಿಗೆ ಹೋಗ್ಲಿ. ಕಾರು ಸಂಜೆಗೆ ತೊಳೀತೀನಿ.”

“ಬಾನೆಟ್ಟಿನ ಮೇಲೆ ನೋಡು ಕೆಸರು ಹೆಂಗೆ ನಿಂತೈತೆ! ಇದು ಒಣಗಿದ್ರೆ?”

“ಕಲೆ ನಿಲ್ತದೆ ಸ್ವಾಮಿ. ಉಜ್ಜಿದ್ರೆ ಗೀರ್ತದೆ.”

“ಮತ್ತೆ! ನಿನ್ನ ಮಗಳು ಒಣಗಿದ್ರೆ ಗೀರು ಬೀಳ್ತದೇನೋ? ಸಂಜೆಗಂಟ ತಡಕೊಳ್ತಾಳೆ. ನಿಮ್ಮ ಹೆಂಗಸರ ಮೈ ಗಟ್ಟಿ. ಹುಯ್ಯೋ ನೀರು, ಸೂಳೇಮಗನೆ!”

ಮಾವಿನ ತೋಪಿನ ಕಡೆಯಿಂದ ಅಮಲ್ದಾರರ ಜಟಕಾದ ಗೆಜ್ಜೆ ಸದ್ದು ಕೇಳಿಸಿತು. ಜೋಡಿದಾರರು ಶಲ್ಯ ಸರಿಮಾಡಿಕೊಂಡು ಅವಸರದಿಂದ ಕೆಳಗಿಳಿದರು.

ಮುನಿಯಲ್ಲಪ್ಪ ಒಂದೊಂದು ಕೈಯಲ್ಲಿ ಒಂದೊಂದು ಡಬ್ಬ ಹಿಡಿದು ಕಾರಿನತ್ತ ನಡೆದ. ಕಾರನ್ನು ದಾಟಿದ. ಹಿತ್ತಿಲಿಗೆ ತಿರುಗಿದ.

“ಲೇ! ಎಲ್ಲಿಗೋ? ಲೇ ಮುನಿಯಾ! ಸಂಜೆಯೊಳಗೆ ನಿನ್ನ ಗುಡಿಸಲು ಕೀಳಿಸ್ತೀನಿ ಕಣೋ!”

“ಸಂಜೆದು ಸಂಜೆಗೆ, ಸ್ವಾಮಿ,” ಎಂದ ಅವನು, ತಿರುಗಿ ನೋಡದೆ.

“ಹಿಡಿಯೋ ಆಂಜಿನಪ್ಪಾ, ಅವನನ್ನ!”

ಆಂಜಿನಪ್ಪ ಖಾಲಿ ಬಾವಿಯೊಳಗೆ ಬಗ್ಗಿ, ಏನೋ ಬೀಳಿಸಿಕೊಂಡವನ ಹಾಗೆ ಹುಡುಕುತ್ತಿದ್ದ.

ಗೆಜ್ಜೆ ಸದ್ದು ಹತ್ತಿರವಾಯಿತು. ಬಿಸಿಲಿಗೆ ಬಾನೆಟ್ಟಿನ ಕೆಸರು ಅಂಚಿನಿಂದ ಬಿಳಿಚಿಕೊಳ್ಳುತ್ತಿತ್ತು. ಜೋಡಿದಾರರು ಒಂದು ಗಳಿಗೆ ಬೀದಿ ನೋಡಿದರು, ಒಂದು ಗಳಿಗೆ ಕಾರು ನೋಡಿದರು. ಹೆಗಲಿನ ಜರಿ ಶಲ್ಯವನ್ನು ಎಳೆದು, ಮುದ್ದೆ ಮಾಡಿ, ತಮ್ಮ ಶುದ್ಧವಾದ ಕೈಯಿಂದಲೇ ಗಸಗಸ ಉಜ್ಜತೊಡಗಿದರು.

“ನಕ್ಕೋ ಸ್ವಾಮಿ, ಉಜ್ಜಬೇಡಿ!” ಎಂದರು ಸತ್ತಾರ್ ಸಾಬರು. ಆಮೇಲೆ, ಮುರಿದ ಕೈಯನ್ನು ಎದೆಗೊತ್ತಿಕೊಂಡು ಪಕ್ಕಕ್ಕೆ ಸರಿದರು.

ಕಿರ್ರ್ ಎಂದಿತು ಕಾರು. ಮತ್ತೆ ಕಿರ್ರ್ ಎಂದಿತು.

ಮುನಿಯಲ್ಲಪ್ಪ ಡಬ್ಬಗಳನ್ನು ಗೋಡೆಯ ಮೇಲಿಟ್ಟು, ತಾನು ಹತ್ತಿ ಆಚೆಗೆ ಇಳಿದ. ಅಂಜಮ್ಮ ಅಭ್ಯಾಸದಂತೆ ಗಡಿಗೆಯನ್ನು ದೂರ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು.

“ಇತ್ತ ತಾ,” ಎಂದ ಅವನು.

ಮಂಡಿಯೂರಿ ಕೂತು ಡಬ್ಬ ಬಗ್ಗಿಸಿದ. ಡಬ್ಬದ ಬಾಯಿ ಗಡಿಗೆಯ ಬಾಯಿಗೆ ಟಕ್ಕನೆ ತಾಗಿತು, ತಾಗಿಕೊಂಡೇ ಇತ್ತು. ಒಂದು ಹನಿಯೂ ಮಣ್ಣಿಗೆ ಬೀಳಲಿಲ್ಲ.